ಡೊಂಕು ಮೈದಾನದ ಅಧ್ಯಕ್ಷೆ

ನೋಟ್‌ಬುರ್ಗಾಳನ್ನು ನಮ್ಮ ಹಿಂಟರ್‌ವಾಂಗ್ ಊರಿನಲ್ಲಿ ಯಾರೂ ಪೂರ್ತಿ ಹೆಸರು ಹಿಡಿದು ಕರೆದದ್ದಿಲ್ಲ. ನಮಗೆಲ್ಲ ಅವಳು ಬುರ್ಗಿ. ಪಕ್ಕದ ಕಣಿವೆಯಿಂದ ಮದುವೆಯಾಗಿ ಬಂದವಳು. ಗಂಡ ಕಾಸಿಯಾನ್ ನಮ್ಮೂರ ಬಡಗಿ, ನಮ್ಮ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್. ಮದುವೆಯ ದಿನವೇ ಮಧ್ಯಾಹ್ನ ಪಂದ್ಯವಿದೆ ಎಂಬ ಸಂಗತಿಯನ್ನು ಅವನು ಹುಡುಗಿಗೆ ಹೇಳಿರಲಿಲ್ಲ. ಉಂಗುರ ತೊಡಿಸುವಾಗಲೇ ಅವನು ಕೈಗೆ ಗೋಲ್‌ಕೀಪರನ ಗವುಸು ಹಾಕಿಕೊಂಡಿದ್ದ ಎಂದು ಬುರ್ಗಿ ಇವತ್ತಿಗೂ ದೂರುತ್ತಾಳೆ.

"ಸುಳ್ಳು ಹೇಳ್ಬೇಡ ಕಣೇ, ಒಂದೇ ಕೈಗೆ ಹಾಕ್ಕೊಂಡಿದ್ದೆ," ಎನ್ನುತ್ತಾನೆ ಕಾಸಿಯಾನ್.

ಫುಟ್‌ಬಾಲಿನ ಮೇಲೆ ಪ್ರೀತಿ ಉಕ್ಕಿ ಹುಟ್ಟಿದ ಕ್ಲಬ್ಬಲ್ಲ ನಮ್ಮದು. ಯುದ್ಧ ಮುಗಿದ ಕಾಲಕ್ಕೆ ಊರ ಗಂಡಸರೆಲ್ಲ ಗುರುವಾರ ಸಂಜೆ ಚರ್ಚಿನಲ್ಲಿ ಹಾಡು ಕಲಿಯಲು ಹೋಗುತ್ತಿದ್ದರು. ಹಾಡು ಸ್ವಲ್ಪ, ಆಮೇಲಿನ ಬಿಯರು ಜಾಸ್ತಿ. ಕಲಿಸುತ್ತಿದ್ದ ಮೇಷ್ಟ್ರು ಆ ಗಂಟಲುಗಳನ್ನು ತಡೆಯಲಾರದೆ ವರ್ಗ ಮಾಡಿಸಿಕೊಂಡು ಹೊರಟುಹೋದ ಮೇಲೆ, ಗುರುವಾರ ಮನೆಯಿಂದ ಹೊರಬೀಳಲು ಬೇರೆ ನೆಪ ಬೇಕಾಯಿತು. ಯಾರದೋ ಅಟ್ಟದಲ್ಲಿ ಒಂದು ಚೆಂಡು ಸಿಕ್ಕಿತು. ಹಾಗೆ ಗಾಯನ ತಂಡವೇ ಫುಟ್‌ಬಾಲ್ ತಂಡವಾಯಿತು. ದಪ್ಪ ದನಿಯವರು ಹಿಂದೆ, ಸಣ್ಣ ದನಿಯವರು ಮುಂದೆ. ಗೋಲು ಬಿದ್ದರೆ ಎಲ್ಲರೂ ತಂತಮ್ಮ ದನಿಯಲ್ಲಿ ರಾಗವಾಗಿ ಕೂಗುತ್ತಿದ್ದರಂತೆ. ಅಂಥ ಸಂದರ್ಭ ಕಡಿಮೆ ಒದಗುತ್ತಿದ್ದುದರಿಂದ ಊರಿಗೇನೂ ತೊಂದರೆಯಾಗಲಿಲ್ಲ.

ಇನ್ನು ಮೈದಾನ. ನಮ್ಮೂರಲ್ಲಿ ಸಮತಟ್ಟಾದ ಜಾಗ ಇದ್ದದ್ದು ಎರಡೇ: ಒಂದು ಸಮಾಧಿಗಳ ತೋಟ, ಇನ್ನೊಂದು ಪಾದ್ರಿ ರೊಮೆಡ್ ಅವರ ಆಲೂಗೆಡ್ಡೆ ಹೊಲ. ಕೇಳಲು ಹೋದವರಿಗೆ ಪಾದ್ರಿಗಳು, "ಸತ್ತೋರನ್ನ ಬೇಕಾದ್ರೆ ಕೇಳ್ನೋಡಿ. ಅವರೇನಾದ್ರೂ ಎದ್ದು ಜಾಗ ಬಿಟ್ರೆ ನಾನೂ ಬಿಡ್ತೀನಿ," ಎಂದರು. ಸತ್ತವರು ಏಳಲಿಲ್ಲ. ಹಾಗಾಗಿ ಚರ್ಚಿನ ಕೆಳಗಿನ ಹುಲ್ಲಿನ ಇಳಿಜಾರೇ ಮೈದಾನವಾಯಿತು. ಒಂದು ಗೋಲು ಮೇಲೆ ಚರ್ಚಿನ ಕಡೆ, ಇನ್ನೊಂದು ಕೆಳಗೆ ಹೊಳೆಯ ಕಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬೇರೆಯವರನ್ನು ಹಂಗಿಸಬಹುದು. ನಮ್ಮೂರಲ್ಲಿ ಆ ಗಾದೆ ನಡೆಯುವುದಿಲ್ಲ. ನೆಲ ನಿಜವಾಗಿಯೂ ಡೊಂಕೇ. ಮೇಲಿನ ಗೋಲಿನಲ್ಲಿ ನಿಂತವನು ನಿದ್ದೆ ಹೊಡೆಯಬಹುದಿತ್ತು. ಕೆಳಗಿನವನ ಪಾಡು ನಾಯಿಗೂ ಬೇಡ.

ಕಾಸಿಯಾನನ ಮನೆ ಇದ್ದದ್ದು ಸರಿಯಾಗಿ ಕೆಳಗಿನ ಗೋಲಿನ ಹಿಂದೆ. ಬುರ್ಗಿ ಬಂದ ಮೊದಲ ವರ್ಷ ಚೆಂಡು ಅವಳ ಎಲೆಕೋಸಿನ ಪಾತಿಗೆ ಬಂತು, ಒಗೆದು ಹರವಿದ ಬಟ್ಟೆಗೆ ಬಂತು. ಅವಳು ಸಹಿಸಿಕೊಂಡಳು. ಒಂದು ಭಾನುವಾರ ಅಡುಗೆಮನೆಯ ಕಿಟಕಿಯೊಳಗಿಂದ ತೂರಿ, ಕುದಿಯುತ್ತಿದ್ದ ಕ್ನೋಡೆಲ್ ಪಾತ್ರೆಯೊಳಗೇ ಬಂದು ಬಿತ್ತು. ಬ್ರೆಡ್ಡು, ಹಂದಿಮಾಂಸ ಕಲಸಿ ಬೆಳಗಿನಿಂದ ಕಟ್ಟಿದ ಉಂಡೆಗಳ ನಡುವೆ ಅವಕ್ಕೆಲ್ಲ ಯಜಮಾನನ ಹಾಗೆ ತೇಲುತ್ತಾ ಕೂತಿತು. ಬುರ್ಗಿ ಅದನ್ನು ಜಾಲರಿ ಸೌಟಿನಲ್ಲಿ ಎತ್ತಿ, ಸೌಟಿನ ಸಮೇತ ಮೈದಾನದ ನಡುವೆ ಬಂದು ನಿಂತಳು. ನಾನಾಗ ತಂಡದಲ್ಲಿ ಹೊಸಬ, ಎಡಗಡೆ ಹಿಂದೆ ಆಡುತ್ತಿದ್ದೆ. ಸೌಟಿನಿಂದ ಆವಿ ಏಳುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ಇದನ್ನ ಒದ್ದೋನು ಯಾರು?"

ನಾವು ನಮ್ಮ ನಮ್ಮ ಬೂಟು ನೋಡಿಕೊಂಡೆವು. ಎದುರಾಳಿ ತಂಡದವರೂ ತಲೆ ತಗ್ಗಿಸಿದರು.

"ಬೆಟ್ಟದ ಮೇಲಿಂದ ಕೆಳಗೆ ಒದೆಯಕ್ಕೆ ಇಷ್ಟೊಂದು ಜೋರು ಯಾತಕ್ರೋ? ಮೆಲ್ಲಗೆ ತಳ್ಳಿ ಬಿಟ್ರೆ ಅದೇ ಹೋಗಲ್ವಾ? ಬುದ್ಧಿ ಇದ್ಯಾ ನಿಮ್ಗೆ?"

ಅಲ್ಲಿಯವರೆಗೆ ನಮಗೆ ಯಾರೂ ಇದನ್ನು ಹೇಳಿರಲಿಲ್ಲ. ದ್ವಿತೀಯಾರ್ಧದಲ್ಲಿ ಇಳಿಜಾರು ನಮ್ಮದಾದಾಗ ಮೆಲ್ಲಗೆ ತಳ್ಳಿ ನೋಡಿದೆವು. ಚೆಂಡು ತಾನೇ ಹೋಗಿ ಗೋಲಿನೊಳಗೆ ಕೂತಿತು. ಆ ಪಂದ್ಯ ಗೆದ್ದೆವು. ಅಂದಿನಿಂದ ಬುರ್ಗಿಯ ಮಾತಿಗೆ ಬೆಲೆ ಬಂತು. ಅವಳೂ, "ಇನ್ಮೇಲೆ ಅಡುಗೆ ಮೈದಾನದಲ್ಲೇ ಮಾಡ್ತೀನಿ. ಬರೋ ಚೆಂಡು ಕಣ್ಣಿಗಾದ್ರೂ ಕಾಣ್ಲಿ," ಎಂದು ಕೆಳಗಿನ ಗೋಲಿನ ಪಕ್ಕ ಮರದ ಶೆಡ್ಡೊಂದರಲ್ಲಿ ಕ್ಯಾಂಟೀನು ತೆರೆದಳು. ವಾರ್ಷಿಕ ಸಭೆಯನ್ನು ಅಲ್ಲೇ ಇಟ್ಟುಕೊಂಡೆವು. ಅಧ್ಯಕ್ಷರು ಯಾರಾಗಬೇಕೆಂದು ಕೇಳಿದಾಗ ಎಲ್ಲರ ಬಾಯಲ್ಲೂ ಕ್ನೋಡೆಲ್ ತುಂಬಿತ್ತು. ಖಾಲಿ ಬಾಯಿ ಇದ್ದದ್ದು ಬುರ್ಗಿಯದೊಂದೇ. "ಸರಿ, ನಾನೇ ಆಗ್ತೀನಿ," ಎಂದಳು. ಬೇಡವೆನ್ನಲು ಯಾರಿಗೂ ಬಾಯಿ ಬಿಡುವಾಗಿರಲಿಲ್ಲ.

ಅವಳ ಅಧ್ಯಕ್ಷತೆಯಲ್ಲಿ ನಮ್ಮೂರಲ್ಲಿ ನಮ್ಮನ್ನು ಸೋಲಿಸುವುದೇ ಕಷ್ಟವಾಯಿತು. ಬೇರೆ ಊರಲ್ಲಿ, ಸಮ ನೆಲದ ಮೇಲೆ, ನಾವು ತಪ್ಪದೆ ಸೋಲುತ್ತಿದ್ದೆವು. ಕೆಳಗಿನೂರು ಉಂಟರಾವಿನವರಿಗೆ ಹೊಟ್ಟೆ ಉರಿದು ಜಿಲ್ಲಾ ಫುಟ್‌ಬಾಲ್ ಸಂಘಕ್ಕೆ ದೂರು ಕೊಟ್ಟರು. ಭಾನುವಾರದ ಪಂದ್ಯಕ್ಕೆ ಮುಂಚೆ ಪರೀಕ್ಷಕರೊಬ್ಬರು ಬಂದು ಮೈದಾನ ನೋಡುತ್ತಾರೆ, ಡೊಂಕು ಕಂಡರೆ ಕ್ಲಬ್ಬಿಗೆ ಬೀಗ ಎಂದು ಸುದ್ದಿ ಬಂತು.

ಕಾಸಿಯಾನ್ ಮುಖ ಸಣ್ಣದು ಮಾಡಿಕೊಂಡ. "ಬೆಟ್ಟಾನ ಒಂದು ವಾರದಲ್ಲಿ ನೆಟ್ಟಗೆ ಮಾಡಕ್ಕಾಗತ್ತೇನೇ?"

ಬುರ್ಗಿ ಮೈದಾನವನ್ನೇ ನೋಡುತ್ತಾ ನಿಂತಿದ್ದಳು. "ಬೆಟ್ಟ ಹಾಗೇ ಇರ್ಲಿ. ಮಿಕ್ಕಿದ್ದನ್ನೆಲ್ಲ ಅದರ ಹಾಗೇ ಡೊಂಕು ಮಾಡೋಣ."

ಶನಿವಾರವಿಡೀ ಊರಿಗೆ ಊರೇ ಕೆಲಸಕ್ಕೆ ಬಿತ್ತು. ಕ್ಯಾಂಟೀನಿನ ಒಂದು ಬದಿಗೆ ದಿಮ್ಮಿ ಕೊಟ್ಟು ಎತ್ತಿದೆವು. ಬೇಲಿಯ ಗೂಟಗಳನ್ನು ವಾಲಿಸಿ ನೆಟ್ಟೆವು. ಬಾವುಟದ ಕಂಬ ವಾಲಿತು, ಬೆಂಚುಗಳ ಕಾಲು ಒಂದು ಕಡೆ ಗಿಡ್ಡವಾದವು. ಗೋಲಿನ ಕಂಬಗಳನ್ನು ಕಾಸಿಯಾನ್ ತಾನೇ ಎತ್ತಿ ಬಾಗಿಸಲು ಹೋಗಿ ಸೊಂಟ ಉಳುಕಿಸಿಕೊಂಡು ಬಿದ್ದ. ಅವನನ್ನು ಹೊತ್ತು ಮನೆಗೆ ಸಾಗಿಸಿದೆವು. ಸಂಜೆ ಕ್ಯಾಂಟೀನಿನೊಳಗೆ ನಡೆದು ನೋಡಿದರೆ ನನಗೆ ಹಡಗಿನಲ್ಲಿದ್ದ ಹಾಗೆ ಹೊಟ್ಟೆ ತೊಳಸಿತು. ಆದರೆ ಹೊರಗೆ ನಿಂತು ನೋಡಿದರೆ, ಅಬ್ಬಾ, ಮೈದಾನ ಮೇಜಿನ ಹಾಗೆ ಸಪಾಟಾಗಿತ್ತು.

ಪರೀಕ್ಷಕರು ಲಾಡುರ್ನರ್ ಎಂಬವರು. ಉದ್ದನೆಯ ಆಸಾಮಿ, ಕೈಯಲ್ಲಿ ಚರ್ಮದ ಚೀಲ, ಮೂಗಿನ ಮೇಲೆ ಕನ್ನಡಕ. ಬೇಲಿ ನೋಡಿದರು, ಕಂಬ ನೋಡಿದರು, ಹುಲ್ಲು ನೋಡಿದರು. ಹುಬ್ಬು ಗಂಟಿಕ್ಕಿ ತಲೆಯೆತ್ತಿದರು.

"ಇದೇನ್ರೀ, ನಿಮ್ಮ ಚರ್ಚಿನ ಗೋಪುರ ವಾಲಿದೆಯಲ್ಲ!"

ಊರಲ್ಲಿ ನೆಟ್ಟಗಿದ್ದದ್ದು ಅದೊಂದೇ. ನಾವೆಲ್ಲ ಪಾದ್ರಿ ರೊಮೆಡ್ ಅವರ ಮುಖ ನೋಡಿದೆವು. ಸುಳ್ಳು ಹೇಳದ ಮನುಷ್ಯ ಅವರು. "ಒಂದೊಂದು ಸಲ ಹಾಗೆ ಕಾಣತ್ತೆ ಸ್ವಾಮಿ," ಎಂದರು.

"ಅಪಾಯ ಅಲ್ವೇ?"

"ದೇವರು ಹಿಡ್ಕೊಂಡಿದಾನೆ."

"ಮತ್ತೆ ಈ ಜನ ಎಲ್ಲ ಯಾಕೆ ಓರೆಯಾಗಿ ನಿಂತಿದಾರೆ?"

"ನಮ್ಮೂರ ಗಾಳಿನೇ ಹಾಗೆ ಸಾಹೇಬ್ರೇ, ನಿಂತು ನಿಂತು ಅಭ್ಯಾಸ ಆಗ್ಬಿಟ್ಟಿದೆ," ಎಂದು ಬುರ್ಗಿ ಅವರ ತೋಳು ಹಿಡಿದು ಊಟಕ್ಕೆ ಕರೆದೊಯ್ದಳು. ಗಾಳಿಯ ಸುಳಿವೇ ಇರಲಿಲ್ಲ.

ಊಟಕ್ಕೆ ಕೂರಿಸಿದ ಮೇಲೆ ಬುರ್ಗಿಗೆ ಸಾರಿನ ನೆನಪಾಯಿತು. ಕ್ನೋಡೆಲ್ ಬಡಿಸುವುದು ಸಾರಿನಲ್ಲಿ. ಬಟ್ಟಲು ಓರೆಯಾದರೂ ಸಾರು ಓರೆಯಾಗುವುದಿಲ್ಲವಲ್ಲ! ಬಟ್ಟಲಿನ ಒಂದು ಅಂಚಿಗೆ ಸಾರು ತುಳುಕುವ ಮುನ್ನ ಅವಳು ಅದನ್ನು ಕಸಿದುಕೊಂಡು, ಬರೀ ಉಂಡೆಗಳನ್ನು ತಟ್ಟೆಗೆ ಹಾಕಿ ತಂದಳು. ಅವು ತಟ್ಟೆಯಿಂದ ಉರುಳದಂತೆ ಕೋಸಿನ ಪಲ್ಯದ ಕಟ್ಟೆ ಕಟ್ಟಿದ್ದಳು.

"ಸಾರು ಇಲ್ವೇ?"

"ಹೊರಗಿನೋರಿಗೆ ನಮ್ಮೂರ ಸಾರು ಒಗ್ಗಲ್ಲ."

"ಬಿಯರಿನ ಮಗ್ಗಿಗೆ ಮುಚ್ಚಳ ಯಾಕೆ?"

"ನೊಣ ಬೀಳತ್ತೆ. ಮಾತಾಡ್ಬೇಡಿ, ತಿನ್ನಿ."

ಲಾಡುರ್ನರ್ ತಿಂದರು. ಮತ್ತೆ ಹಾಕಿಸಿಕೊಂಡರು. ತಿನ್ನುತ್ತಾ ತಿನ್ನುತ್ತಾ ಅವರ ಮುಖ ಸಡಿಲವಾಯಿತು. ಮೈದಾನದಲ್ಲಿ ದೋಷವೇನೂ ಕಾಣಲಿಲ್ಲ, ಉಂಟರಾವಿನವರದು ಬರೀ ಮತ್ಸರ ಎಂದು ತಾವಾಗಿಯೇ ಹೇಳಿದರು. ಬುರ್ಗಿಗೆ ಸಂತೋಷ ತಡೆಯದೆ ಬೆಟ್ಟದ ದನಗಳ ಹಾಲಿನ, ಗಾಡಿಯ ಚಕ್ರದ ಹಾಗೆ ದುಂಡಗಿನ ಚೀಸೊಂದನ್ನು ಅವರ ಕಂಕುಳಿಗೆ ಇಟ್ಟಳು. ಅಲ್ಲೇ ಕೆಲಸ ಕೆಟ್ಟಿತು.

ಕೊನೆಯ ಸಲ ಮೈದಾನ ನೋಡಿಬರುತ್ತೇನೆಂದು ಹೋದ ಲಾಡುರ್ನರ್ ನಡುಗೆರೆಯ ಹತ್ತಿರ ಬೂಟಿನ ಲಾಡಿ ಕಟ್ಟಿಕೊಳ್ಳಲು ಬಗ್ಗಿ, ಚೀಸನ್ನು ಪಕ್ಕದಲ್ಲಿ ನಿಲ್ಲಿಸಿದರು. ಅದು ಒಂದು ಗಳಿಗೆ ಯೋಚಿಸಿತು. ಆಮೇಲೆ ಹೊರಟಿತು. ಮೊದಲು ಮೆಲ್ಲಗೆ, ಆಮೇಲೆ ನೆಗೆಯುತ್ತಾ.

"ಹಿಡೀರಿ! ಹಿಡೀರಿ!" ಎಂದು ಅವರು ಅದರ ಹಿಂದೆ ಓಡಿದರು. ಮೈದಾನ ಅವರನ್ನೂ ಓಡಿಸಿತು, ನಿಲ್ಲೋಣವೆಂದರೂ ನಿಲ್ಲಲಾಗಲಿಲ್ಲ. ಚೀಸು ಕೆಳಗಿನ ಗೋಲಿನ ಕಂಬಗಳ ನಡುವೆ ನೇರವಾಗಿ ನುಗ್ಗಿ, ಬಲೆ ಹರಿದು, ಬುರ್ಗಿಯ ಮನೆ ಪಕ್ಕದ ಕೋಸಿನ ಪಾತಿ ದಾಟಿ, ಹೊಳೆಗೆ ಹಾರಿತು. ಹಿಂದೆಯೇ ಲಾಡುರ್ನರ್ ಕೂಡ. ಪ್ರೇಕ್ಷಕರಲ್ಲಿ ಹಳೆಯ ಹಾಡುಗಾರರು ಕೆಲವರಿದ್ದರು. ಅಭ್ಯಾಸಬಲದಿಂದ, "ಗೋ...ಲ್!" ಎಂದು ರಾಗ ಎಳೆದೇಬಿಟ್ಟರು.

ಮೊಣಕಾಲುದ್ದದ ನೀರಿನಲ್ಲಿ ಎದ್ದು ನಿಂತ ಲಾಡುರ್ನರ್ ಅಲ್ಲಿಂದ ಮೈದಾನವನ್ನು ಮೇಲೆ, ಇನ್ನೂ ಮೇಲೆ ನೋಡಿದರು. ಗೋಪುರ ಅವರಿಗೀಗ ನೆಟ್ಟಗೆ ಕಂಡಿರಬೇಕು.

"ಬುರ್ಗಿಯವರೇ," ಎಂದರು, "ಇದು ಮೈದಾನ ಅಲ್ಲ. ಇದು ಸೂರು."

ಬುರ್ಗಿಯ ಮುಖ ಬಿಳಿಚಿಕೊಂಡಿತು. ಅವಳು ಅಳುವುದನ್ನು ನಾನು ಕಂಡವನಲ್ಲ. ಅಂದು ಕಣ್ಣಂಚು ಒದ್ದೆಯಾದದ್ದು ಕಂಡೆ. ಆದರೆ ಒದ್ದೆಯಾದ ಮನುಷ್ಯನನ್ನು ಹಾಗೆ ನಿಲ್ಲಿಸುವುದು ಅವಳ ಜಾಯಮಾನವಲ್ಲ. ಒಳಗೆ ಕರೆದು, ಹಣ್ಣಿನ ಸಾರಾಯಿ ಕುಡಿಸಿ, ಹಾಕಿಕೊಳ್ಳಲು ಕೈಗೆ ಸಿಕ್ಕಿದ್ದನ್ನು ಕೊಟ್ಟಳು. ಸಿಕ್ಕಿದ್ದು ಕಾಸಿಯಾನನ ಗೋಲ್‌ಕೀಪರ್ ಅಂಗಿ.

ಅಷ್ಟರಲ್ಲಿ ಉಂಟರಾವಿನ ತಂಡ ಬಂದಿಳಿದಿತ್ತು. ರೆಫರಿ ಸೀಟಿ ಊದಿ, "ಹಿಂಟರ್‌ವಾಂಗಿನ ಗೋಲ್‌ಕೀಪರ್ ಎಲ್ಲಿ?" ಎಂದು ಕೂಗಿದ. ಕಾಸಿಯಾನ್ ಮನೆಯಲ್ಲಿ ಮಗ್ಗುಲಾಗಲೂ ಆಗದೆ ನರಳುತ್ತಿದ್ದ. ಆಗ ಕ್ಯಾಂಟೀನಿನ ಬಾಗಿಲಲ್ಲಿ ಆ ಅಂಗಿ ತೊಟ್ಟ ಉದ್ದನೆಯ ಮನುಷ್ಯ ಕಂಡ. "ಓ, ಅಲ್ಲಿದಾನೆ. ಬಾರಪ್ಪಾ ಬೇಗ!"

"ನಾನು ಸಂಘದ ಪರೀಕ್ಷಕ!" ಎಂದರು ಲಾಡುರ್ನರ್.

"ಪರೀಕ್ಷೆ ಆಮೇಲೆ ಮಾಡ್ಕೊಳೀರಂತೆ," ಎಂದು ಬುರ್ಗಿ ಬೆನ್ನಿಗೆ ಕೈಕೊಟ್ಟಳು. "ಅಂಗಿ ಗೋಲ್‌ಕೀಪರಂದು ತಾನೇ? ಒಳಗಿರೋರೂ ಗೋಲ್‌ಕೀಪರೇ. ಒಂದ್ಸಲನಾದ್ರೂ ಆಡಿಲ್ವಾ ನೀವು?"

ಲಾಡುರ್ನರ್ ತಡವರಿಸಿದರು. "ಕಾಲೇಜಲ್ಲಿ... ಸ್ವಲ್ಪ ದಿನ..." ಆ 'ಸ್ವಲ್ಪ ದಿನ' ಎನ್ನುವಾಗ ಅವರ ಕಣ್ಣಲ್ಲಿ ಏನೋ ಮಿಂಚಿತು. ಸಾರಾಯಿಯದೂ ಇರಬಹುದು.

ಪ್ರಥಮಾರ್ಧದಲ್ಲಿ ಅವರ ಪಾಲಿಗೆ ಕೆಳಗಿನ ಗೋಲು ಬಂತು. ಅದನ್ನು ವಿವರಿಸುವುದು ಬೇಡ; ಆ ಮನುಷ್ಯನಿಗೂ ಮರ್ಯಾದೆ ಇದೆ. ದ್ವಿತೀಯಾರ್ಧದಲ್ಲಿ ನಾವು ಬುರ್ಗಿಯ ಮಾತಿನಂತೆ ಮೆಲ್ಲಗೆ ತಳ್ಳಿ ತಳ್ಳಿ ಎಲ್ಲ ತೀರಿಸಿ, ಒಂದು ಗೋಲು ಮುಂದಾದೆವು. ಕೊನೆಗೆ ಉಂಟರಾವಿನ ದಢೂತಿಯೊಬ್ಬ ಸಿಟ್ಟಿನಿಂದ ಮೇಲಕ್ಕೊಂದು ಒದೆ ಒದ್ದ. ಚೆಂಡು ಏರಿ ಏರಿ ಸುಸ್ತಾಗಿ ಗೋಲಿಗೆ ಇನ್ನೂ ಮಾರು ದೂರವಿದ್ದಾಗ ನಿಂತು, ಹಿಂದಕ್ಕೆ ಉರುಳತೊಡಗಿತ್ತು. ಲಾಡುರ್ನರ್ ಅಷ್ಟು ದೂರ ಹಾರಿ, ಕನ್ನಡಕದ ಸಮೇತ ಅದರ ಮೇಲೆ ಬಿದ್ದು, ಎರಡೂ ಕೈಯಿಂದ ಅವಚಿಕೊಂಡರು. ನಾವು ಅವರನ್ನು ಹೆಗಲ ಮೇಲೆ ಹೊತ್ತು ಕುಣಿದೆವು.

ಹೊರಡುವಾಗ ಅವರು ಬುರ್ಗಿಯನ್ನು ಪಕ್ಕಕ್ಕೆ ಕರೆದರು. "ಮೈದಾನ ಡೊಂಕು ಅಂತ ಬರೆದ್ರೆ, ನಾನು ಇಲ್ಲಿ ಆಡಿದ್ದೂ ಹೊರಗೆ ಬರತ್ತೆ."

"ಬರ್ಲಿ ಬಿಡಿ, ಚೆನ್ನಾಗೇ ಆಡಿದ್ರಿ."

"ಪ್ರಥಮಾರ್ಧ?"

"ಅದನ್ನ ಸಾರಿನ ಹಾಗೆ ಬಡಿಸ್ದೆ ಬಿಟ್ಬಿಡಿ."

ಅವರು ಏನು ಬರೆದರೋ ನಮಗೆ ಗೊತ್ತಾಗಲಿಲ್ಲ, ಬೀಗವಂತೂ ಬೀಳಲಿಲ್ಲ. ಪ್ರತಿ ಶರತ್ಕಾಲದಲ್ಲೂ ಅವರು ರಜೆ ಹಾಕಿ ನಮ್ಮೂರಿಗೆ ಬರುತ್ತಿದ್ದರು, ಮೇಲಿನ ಗೋಲಿನಲ್ಲಿ ಸ್ವಲ್ಪ ಹೊತ್ತು ನಿಂತು ಸುಖಪಡುತ್ತಿದ್ದರು. ಚೀಸು ಹಾಗೆ ಓಡುತ್ತದೆಂದು ಮೊದಲೇ ಗೊತ್ತಿತ್ತಾ ಎಂದು ಬುರ್ಗಿಯನ್ನು ಯಾರಾದರೂ ಕೇಳಿದರೆ, "ದುಂಡಗಿರೋದು ಉರುಳತ್ತೆ ಅಂತ ಗೊತ್ತಿಲ್ದೆ ಇರೋಕೆ ನಾನೇನು ಗಂಡಸೇ?" ಎನ್ನುತ್ತಿದ್ದಳು. ಇದ್ದ ಸತ್ಯ ಏನೆಂದರೆ, ಗೊತ್ತಿರಲಿಲ್ಲ. ಹಾಗಂತ ಕಾಸಿಯಾನ್ ನನಗೆ ಹೇಳಿದ್ದಾನೆ.

ಮುಂದೆ ಹೊಸ ರಸ್ತೆಗೆ ಬೆಟ್ಟ ಕಡಿದಾಗ ಆ ಮಣ್ಣನ್ನೆಲ್ಲ ತಂದು ತುಂಬಿ ಮೈದಾನವನ್ನು ಸಮ ಮಾಡಿದರು. ಮೊದಲ ವರ್ಷ ನಮ್ಮ ಹುಡುಗರು ಸಮ ನೆಲದಲ್ಲಿ ಎಡವಿ ಎಡವಿ ಬಿದ್ದರು. ಈಗೀಗ ಸುಧಾರಿಸಿದ್ದಾರೆ, ಸೋಲುವಾಗ ನಿಂತುಕೊಂಡೇ ಸೋಲುತ್ತಾರೆ.

ಬುರ್ಗಿಗೆ ಈಗ ಎಂಬತ್ತು ದಾಟಿದೆ. ಅಧ್ಯಕ್ಷತೆ ಬಿಟ್ಟಿದ್ದಾಳೆ, ಸೌಟು ಬಿಟ್ಟಿಲ್ಲ. ಹೋದ ವಸಂತದಲ್ಲಿ ಹೊಸ ರೆಫರಿಯೊಬ್ಬ, ಪಟ್ಟಣದ ಎಳೆಯ ಮುಖದವನು, ಗೆರೆಯ ಪಕ್ಕದಿಂದ ತನ್ನನ್ನು ಸತತವಾಗಿ ಬೈಯುತ್ತಿದ್ದ ಅವಳಿಗೆ ಕೆಂಪು ಕಾರ್ಡು ತೋರಿಸಿದ.

"ಏನಪ್ಪಾ ಅದು?"

"ನೀವು ಮೈದಾನದಿಂದ ಆಚೆ ಹೋಗ್ಬೇಕು ಅಜ್ಜಿ."

"ಹೌದಾ? ಸರಿ," ಎಂದು ಬುರ್ಗಿ ಮರುಮಾತಾಡದೆ, ಕ್ಯಾಂಟೀನಿಗೆ ಬೀಗ ಹಾಕಿ, ಕೀಲಿಕೈಯನ್ನು ಏಪ್ರನ್ನಿನ ಜೇಬಿಗೆ ಇಳಿಸಿ, ಮನೆಗೆ ನಡೆದಳು.

ಪಂದ್ಯ ಮುಗಿಯಿತು. ಎರಡೂ ತಂಡದವರು ಹಸಿದ ಹೊಟ್ಟೆಯಲ್ಲಿ ಬೀಗವನ್ನು ನೋಡುತ್ತಾ ನಿಂತರು. ಆಮೇಲೆ ಎಲ್ಲರೂ ತಿರುಗಿ ರೆಫರಿಯನ್ನು ನೋಡಿದರು. ಆ ಪಾಪದ ಹುಡುಗ ಟೋಪಿ ತೆಗೆದು ಕೈಯಲ್ಲಿ ಹಿಡಿದು ಮುಂದೆ ಮುಂದೆ, ಅವನ ಹಿಂದೆ ಎರಡೂ ತಂಡಗಳು, ಕೊನೆಯಲ್ಲಿ ಕೋಲೂರಿಕೊಂಡು ನಾನು. ಬುರ್ಗಿ ಬಾಗಿಲು ತೆರೆದಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬೂಟು ಆಚೆ ಬಿಟ್ಟು ಬನ್ರೋ," ಎಂದಳು. "ಎಲ್ರೂ."