ಮುಟ್ಟಬಾರದ ಮಾತ್ರೆ

ನಮ್ಮತ್ತೆಯ ಹೆಬ್ಬೆರಳಿನ ಗೆರೆಗಳು ಅಳಿಸಿಹೋಗಿದ್ದವು. ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಅಂಗೈ ಚರ್ಮ ಸುಲಿದು ಒಳಗಿನ ಕೆಂಪು ಕಾಣುತ್ತಿತ್ತು. ಕೊಡಿಗೇನಹಳ್ಳಿಯ ರೇಷನ್ ಅಂಗಡಿಯಲ್ಲಿ ಆ ಬೆರಳನ್ನು ಎಷ್ಟು ಒತ್ತಿದರೂ ಯಂತ್ರ ಒಪ್ಪಲಿಲ್ಲ.

"ಇದು ನೀನೇ ಅಂತ ಮಿಷನ್ನು ಒಪ್ತಿಲ್ಲ ಕಣಜ್ಜಿ" ಎಂದ ಅಂಗಡಿಯವನು.

"ನಾನು ನಾನಲ್ದೆ ಇನ್ಯಾರ್ಲಾ? ನನ್ ಅಕ್ಕಿ ಹೊಡ್ಯಾಕೆ ಇದೊಂದು ಆಟ ಕಟ್ಟಿದ್ದೀಯಾ?"

ಊರನ್ನೆಲ್ಲ ಅನುಮಾನಿಸುವವರನ್ನು ಕೊನೆಗೂ ಒಂದು ಯಂತ್ರ ಅನುಮಾನಿಸಿತಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಅವರ ಅನುಮಾನಕ್ಕೆ ಮೇರೆಯೇ ಇರಲಿಲ್ಲ. ಹಾಲು ತಂದರೆ ಉಗುರಿನ ಮೇಲೆ ಒಂದು ತೊಟ್ಟು ಇಟ್ಟು ಜಾರುತ್ತದೋ ನಿಲ್ಲುತ್ತದೋ ನೋಡುವರು. ಕುರಿ ಕೊಳ್ಳಲು ಬಂದವನು ಚೌಕಾಸಿ ಮಾಡದೆ ಒಪ್ಪಿಬಿಟ್ಟರೆ ಕುರಿಯನ್ನೇ ಕೊಡುತ್ತಿರಲಿಲ್ಲ. "ಏನೋ ಐತೆ" ಅನ್ನುವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಅವರಷ್ಟು ಮನಸಾರೆ ನಂಬಿದವರನ್ನು ನಾನು ಕಂಡಿಲ್ಲ.

ರೇಷನ್ ಅಂಗಡಿಯ ಆ ಜಗಳಕ್ಕೆ ಕೆಲವು ತಿಂಗಳು ಮೊದಲು ಅವರಿಗೆ ಕರುಳಿನ ಕ್ಯಾನ್ಸರ್ ಬಂದಿತ್ತು. ಆಪರೇಷನ್ ಆದ ಮೇಲೆ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಬೇಗಬೇಗ ಬೆಳೆಯುವ ಕಣಗಳನ್ನು ಅದು ತಡೆಯುತ್ತದೆ, ಗಡ್ಡೆಯ ಕಣಗಳು ಎಲ್ಲಾದರೂ ಉಳಿದಿದ್ದರೆ ಸಾಯುತ್ತವೆ, ಆದರೆ ಅಂಗೈ, ಅಂಗಾಲಿನ ಚರ್ಮಕ್ಕೆ, ಬಾಯಿ, ಹೊಟ್ಟೆಗೂ ಸ್ವಲ್ಪ ತಾಕುತ್ತದೆ ಎಂದರು.

"ಕಡ್ಲೆಕಾಯಿ ಹೊಲಕ್ಕೆ ಕಳೆ ಔಷ್ದಿ ಹೊಡ್ದಂಗೆ ಅನ್ನಿ. ಪೈರೂ ಒಸಿ ಬಾಡ್ತದೆ" ಎಂದರು ಅತ್ತೆ.

"ಹೌದಮ್ಮ. ಅದಕ್ಕೇ ಎರಡು ವಾರ ನುಂಗಿ, ಒಂದು ವಾರ ಬಿಡಬೇಕು. ಪೈರು ಚೇತರಿಸಿಕೊಳ್ಳಲಿ."

ಬೆಳಿಗ್ಗೆ, ಸಂಜೆ, ಊಟವಾದ ಅರ್ಧ ಗಂಟೆಯೊಳಗೆ ನೀರಿನ ಜೊತೆ ಇಡಿಯಾಗಿ ನುಂಗಬೇಕು. ಮುರಿಯಬಾರದು, ಪುಡಿ ಮಾಡಬಾರದು. ಜ್ವರ ಬಂದರೆ, ಭೇದಿ ನಿಲ್ಲದಿದ್ದರೆ, ಬಾಯಿ ಹುಣ್ಣಾದರೆ ಕೂಡಲೇ ಫೋನ್ ಮಾಡಬೇಕು. ಮನೆಯವರು ಬರಿಗೈಯಲ್ಲಿ ಮುಟ್ಟಬಾರದು. ಇಷ್ಟೆಲ್ಲ ಕೇಳಿಸಿಕೊಂಡ ಅತ್ತೆ ನನ್ನನ್ನು ಹೊರಗೆ ಕಳಿಸಿ ಡಾಕ್ಟರ ಹತ್ತಿರ ಗುಟ್ಟಾಗಿ ಇನ್ನೇನೋ ಕೇಳಿದರು. ನನ್ನ ಮೇಲೇ ಏನೋ ಚಾಡಿ ಎಂದುಕೊಂಡೆ.

"ನಾನು ನುಂಗ್ಬೇಕಂತೆ, ಇನ್ನೊಬ್ರು ಮುಟ್ಬಾರ್ದಂತೆ. ಏನೋ ಐತೆ" ಎಂದು ಬಸ್ಸಿನುದ್ದಕ್ಕೂ ಗೊಣಗಿದರು.

ಮಾತ್ರೆಗಳು ಟ್ರಂಕು ಸೇರಿದವು, ಬೀಗದಕೈ ಅವರ ಸೊಂಟ ಸೇರಿತು. ತಮ್ಮ ತಟ್ಟೆ, ವಾಂತಿಯಾದ ಬಟ್ಟೆ ಎಲ್ಲವನ್ನೂ ತಾವೇ ತೊಳೆದುಕೊಳ್ಳುವರು. ನಾನು ಹತ್ತಿರ ಹೋದರೆ "ಅತ್ಲಾಗಿ ಹೋಗು" ಎಂದು ಗದರುವರು. ನನಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಅದಕ್ಕೇ ನನ್ನ ಕೈಗುಣ ಕೆಟ್ಟದ್ದೆಂದು ಹೀಗೆ ಮಾಡುತ್ತಿದ್ದಾರೆ ಎಂದು ನಂಬಿದೆ. ಅವರ ಮನೆಯಲ್ಲಿ ಇದ್ದು ಇದ್ದು ನನಗೂ ಅನುಮಾನದ ರೋಗ ಅಂಟಿತ್ತು.

ಮೂರನೇ ಸುತ್ತಿನಲ್ಲಿ ಬಾಯಿ ತುಂಬ ಹುಣ್ಣಾಯಿತು. ಒಂದು ಬೆಳಿಗ್ಗೆ ಮಾತ್ರೆಯನ್ನು ಲೋಟದ ಪಕ್ಕದಲ್ಲೇ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಪುಡಿ ಮಾಡಬಾರದೆಂದು ನನಗೆ ಗೊತ್ತಿತ್ತು. ಆದರೆ ಮಾತ್ರೆ ತಪ್ಪಿದರೆ ರೋಗ ತಿರುಗಿ ಬರುತ್ತದೆಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಅಂಬಲಿಯಲ್ಲಿ ಕಲಸಿ ಕುಡಿಸೋಣವೆಂದು ಮಾತ್ರೆಯನ್ನು ಕುಟ್ಟಾಣಿಗೆ ಹಾಕಿದೆ.

"ಏನೇ ಅದು ಕುಟ್ಟಾಕೆ ಹೊಂಟಿರೋದು?"

ಸುಲಿದ ಅಂಗಾಲಲ್ಲಿ ಗೋಡೆ ಹಿಡಿದುಕೊಂಡು ಬಂದವರು ನನ್ನ ಕೈ ತಟ್ಟಿ ಕುಟ್ಟಾಣಿ ಕಿತ್ತುಕೊಂಡರು. "ಬುಡು! ಬುಡೇ ಅದನ್ನ!"

"ನೀವು ನುಂಗ್ತಿಲ್ವಲ್ಲ ಅತ್ತೆ! ನನ್ನ ಕೈಗುಣ ಅಷ್ಟು ಕೆಟ್ಟದ್ದಾ?" ಎಂದು ಅತ್ತುಬಿಟ್ಟೆ.

"ಕೈಗುಣ ಅಂತೆ, ಕೈಗುಣ! ಬಸುರೀರಿಗೆ ಇದ್ರ ಪುಡಿ ಸೋಕಬಾರ್ದಂತೆ ಕಣೇ. ಅವತ್ತೇ ಡಾಕ್ಟ್ರನ್ನ ಕೇಳ್ಕಂಡು ಬಂದಿವ್ನಿ."

"ಬಸುರಿ ಯಾರು?"

"ಒಗ್ಗರಣೆ ಹಾಕಿದ್ರೆ ಮೂಗು ಮುಚ್ಕಂತೀಯಾ. ಏನೋ ಐತೆ ಅಂತ ಆವಾಗ್ಲೇ ಅಂದ್ಕಂಡೆ." ಅವರ ದನಿ ತಗ್ಗಿತು. "ಈ ಕಿತ ಉಳಿಸ್ಕಳಾನ ಕಣಮ್ಮ."

ಎರಡು ಸಲ ಸೋತವಳಿಗೆ ಹಾಗೊಂದು ಅನುಮಾನ ಪಡಲೂ ಧೈರ್ಯವಿರಲಿಲ್ಲ. ನನ್ನ ಪರವಾಗಿ ಅದನ್ನೂ ಅವರೇ ಪಟ್ಟಿದ್ದರು. ಎದುರಿಗೆ ನಿಂತು ಸೋಪು ಹಚ್ಚಿ ಕೈ ತೊಳೆಸಿದರು. ಡಾಕ್ಟರಿಗೆ ಫೋನ್ ಮಾಡಿಸಿದರು. ಬಾಯಿ ವಾಸಿಯಾಗುವವರೆಗೆ ಮಾತ್ರೆ ನಿಲ್ಲಿಸಿ, ಆಮೇಲೆ ಕಡಿಮೆ ಮಾಡಿ ಕೊಡುತ್ತೇನೆ, ಇದನ್ನು ಮೊದಲೇ ಹೇಳಬಾರದೇ ಎಂದು ಡಾಕ್ಟರು ಬೈದರು.

ಬಸಿರು ನಿಂತಿತು. ಹೆಣ್ಣುಮಗು. ಮಗು ತಪ್ಪು ಹೆಜ್ಜೆ ಇಡುವ ಹೊತ್ತಿಗೆ ಅತ್ತೆಯ ರೋಗ ತಿರುಗಿ ಬಂತು, ಈ ಸಲ ಬಿಡಲಿಲ್ಲ. ಕೊನೆಯ ದಿನವೂ ಡ್ರಿಪ್ ಬಾಟಲಿಯನ್ನು ಓರೆಗಣ್ಣಲ್ಲಿ ನೋಡುತ್ತಲೇ ಇದ್ದರು.

ಮೊನ್ನೆ, ಐದು ತುಂಬಿದ ಮಗಳ ಆಧಾರಿಗೆ ಬೆರಳಚ್ಚು ಕೊಡಿಸಲು ಮಧುಗಿರಿಗೆ ಹೋಗಿದ್ದೆ. "ಹೆಬ್ಬೆಟ್ಟು ಇಡು ಪುಟ್ಟಿ" ಎಂದ ಅಲ್ಲಿನ ಹುಡುಗ. ಮಗಳು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಯಂತ್ರವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಏನೋ ಐತೆ" ಅಂದಳು.

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ರಮಿಸಿ ಬೆರಳು ಇಡಿಸಿದೆ. ಯಂತ್ರ ಮೊದಲ ಸಲಕ್ಕೇ ಒಪ್ಪಿಕೊಂಡಿತು.