ಮುಂದಕ್ಕೆ ಹಾಕುವ ಮಾತ್ರೆ

ದೇವನೂರಿನಲ್ಲಿ ರುದ್ರಾಣಿಗೆ ಒಂದು ಹೆಸರಿತ್ತು. ಮದುವೆಯಾಗಲಿ, ಗೃಹಪ್ರವೇಶವಾಗಲಿ, ಮನೆಗೆ ಮಠದ ಸ್ವಾಮಿಗಳೇ ಬರಲಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ಎಲ್ಲರಿಗಿಂತ ಮುಂದೆ ನಿಲ್ಲುವವಳು ಅವಳೇ. ಅಂಥ ದಿನಗಳಲ್ಲಿ ಅವಳಿಗೆ ಮುಟ್ಟು ಬಂದದ್ದೇ ಇಲ್ಲ. ಹೇಗೆ ಬಂದೀತು? ನಂಜನಗೂಡಿನ ಮೆಡಿಕಲ್ ಸ್ಟೋರಿನಿಂದ ಮುಂದಕ್ಕೆ ಹಾಕುವ ಮಾತ್ರೆ ತಂದು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳಲ್ಲ!

ಅವಳ ತವರು ಬನ್ನೂರು. ಅಲ್ಲಿ ಅವಳವ್ವ ಕೊರಳಲ್ಲಿ ಲಿಂಗ ಕಟ್ಟಿಕೊಂಡೇ, ಮುಟ್ಟಾದ ಹೆಣ್ಣುಮಕ್ಕಳನ್ನು ದೇವರ ಕೋಣೆಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಆ ಭಯವನ್ನು ಹೊತ್ತುಕೊಂಡೇ ಗಂಡನ ಮನೆಗೆ ಬಂದ ರುದ್ರಾಣಿ ಇಲ್ಲಿನ ಪದ್ಧತಿ ಏನೆಂದು ಯಾರನ್ನೂ ಕೇಳಲಿಲ್ಲ. ದಿನದ ಪೂಜೆಯನ್ನು ಅತ್ತೆ ಶಿವಮ್ಮಣ್ಣಿಯೇ ಮಾಡುತ್ತಿದ್ದುದರಿಂದ ಕೇಳುವ ಪ್ರಮೇಯವೂ ಬರಲಿಲ್ಲ.

ಎರಡು ಹೆತ್ತ ಮೇಲೆ ಆಪರೇಷನ್ನಿಗೆ ಹೆದರಿ, ಆಶಾ ಕಾರ್ಯಕರ್ತೆ ಶೃತಿ ಕೊಡುವ ಮಕ್ಕಳಾಗದ ಮಾತ್ರೆ ನುಂಗಿಕೊಂಡಿದ್ದಳು. ಹೋದ ವರ್ಷ ಅದನ್ನು ಬಿಟ್ಟಳು. ಅದೂ ಹೆಂಗಸರ ಮಾತ್ರೆ, ಇದೂ ಹೆಂಗಸರ ಮಾತ್ರೆ. ಮುಟ್ಟನ್ನೇ ತಡೆಯುವುದು ಬಸಿರನ್ನು ತಡೆಯದೆ ಇದ್ದೀತೆ? ಎರಡೆರಡು ಯಾಕೆ ದಂಡಕ್ಕೆ ಅಂದುಕೊಂಡಳು ಮಹಾ ಬುದ್ಧಿವಂತೆ!

ಮೈದುನನ ಮನೆಯ ಗೃಹಪ್ರವೇಶಕ್ಕೆ ನುಂಗಿ ನಿಲ್ಲಿಸಿದ ಮೇಲೆ ಬರಬೇಕಾದ ಮುಟ್ಟು ಈ ಸಲ ಬರಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದಳು. ಪಪ್ಪಾಯಿ ತಿಂದಳು, ಎಳ್ಳು ಬೆಲ್ಲ ತಿಂದಳು. ಊಹೂಂ. ವಯಸ್ಸು ನಲವತ್ತು ದಾಟಿತ್ತು, ನಿಲ್ಲುವ ಕಾಲ ಬಂತೋ? ಮಾತ್ರೆಯ ಮಹಿಮೆಯೋ? ಇಲ್ಲಾ ಬಸಿರೋ? ಮಗಳು ಬಿಂದುಶ್ರೀ ಬಸುರಿ, ಸೀಮಂತ ಹತ್ತಿರದಲ್ಲೇ ಇದೆ. ತಾಯಿ ಮಗಳು ಒಟ್ಟಿಗೆ ಬಾಣಂತನಕ್ಕೆ ಕೂತರೆ ಊರು ನಗದೆ ಬಿಟ್ಟೀತೆ?

ಸಾಲದ್ದಕ್ಕೆ ಸೀಮಂತಕ್ಕೆ ಮೊದಲು ಮನೆಯಲ್ಲಿ ಸ್ವಾಮಿಗಳ ಪಾದಪೂಜೆ. ಸೊಸೆಯೇ ನೀರೆರೆಯಬೇಕು. ಬಸಿರಾಗಿದ್ದು ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿರುವುದಕ್ಕೆ ಏನಾದೀತೋ. ನುಂಗದೆ ಬಿಟ್ಟು, ಪೂಜೆಯ ಹೊತ್ತಿಗೇ ಮುಟ್ಟು ಬಂದು ವಕ್ಕರಿಸಿದರೆ? ಡಬ್ಬಿ ತೆಗೆಯುವಳು, ಮುಚ್ಚುವಳು. ಈ ಗೊಂದಲದಲ್ಲಿ ಒಗ್ಗರಣೆಗೆ ಸಾಸಿವೆ ಹಾಕುವುದನ್ನೇ ಮರೆತಳು.

"ಏನೇ, ಸಾರಿಗೆ ಸಾಸಿವೆನೇ ಹಾಕಿಲ್ವಲ್ಲ?" ಎಂದ ಗಂಡ ಸೋಮಶೇಖರ್. ನಂಜನಗೂಡಿನಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಅವನು ಸಾರಿನಾಚೆಗೆ ಏನೂ ಕಾಣದ ಸಾಧು.

"ಇವತ್ತು ಅಂಗೇ ಉಣ್ಣಿ" ಎಂದು ರೇಗಿದಳು.

ನಂಜನಗೂಡಿನಲ್ಲಿ ಡಾಕ್ಟರ ಹತ್ತಿರ ಹೋದರೆ ಸುದ್ದಿ ಅವಳಿಗಿಂತ ಮೊದಲು ಗೊಬ್ಬರದಂಗಡಿಗೆ ತಲುಪುತ್ತದೆ. ತವರಿನವರನ್ನು ಸೀಮಂತಕ್ಕೆ ಕರೆಯುವ ನೆಪ ಹೇಳಿ ಬಸ್ಸು ಹತ್ತಿದವಳು ದಾರಿಯಲ್ಲಿ ತಿ. ನರಸೀಪುರದಲ್ಲೇ ಇಳಿದಳು.

ಲೇಡಿ ಡಾಕ್ಟರು ಎಲ್ಲ ಕೇಳಿ ಹಣೆ ಒತ್ತಿಕೊಂಡರು. "ಮುಟ್ಟು ಮುಂದಕ್ಕೆ ಹಾಕೋ ಮಾತ್ರೆ ಬಸಿರು ತಡೆಯಲ್ಲ ಕಣ್ರೀ. ಅದೇ ಬೇರೆ, ಇದೇ ಬೇರೆ. ಯಾರು ಹೇಳಿದ್ರು ನಿಮಗೆ?"

"ಯಾರೂ ಯೇಳ್ನಿಲ್ಲ ಮೇಡಂ. ನಾನೇ ಅಂದ್ಕಂಡೆ."

ಮೂತ್ರ ಪರೀಕ್ಷೆ ಮಾಡಿಸಿದರು. ಪಟ್ಟಿಯಲ್ಲಿ ಒಂದೇ ಗೆರೆ. ಬಸಿರಲ್ಲ. ರುದ್ರಾಣಿಗೆ ನಗು ಬಂತು, ಅಳುವೂ ಬಂತು. ಒಳಗೆಲ್ಲೋ ಸಣ್ಣಗೆ ಬೇಜಾರೂ ಆಯಿತು. ಅದು ಯಾಕೆಂದು ಅವಳಿಗೇ ತಿಳಿಯಲಿಲ್ಲ.

"ಮತ್ಯಾಕೆ ಬಂದಿಲ್ಲ ಮೇಡಂ?"

"ಈ ವಯಸ್ಸಲ್ಲಿ ಏರುಪೇರಾಗುತ್ತೆ. ಪದೇ ಪದೇ ಮಾತ್ರೆ ನುಂಗಿದ್ದೂ ಸೇರಿರಬಹುದು. ಸದ್ಯಕ್ಕೆ ಯಾವುದೂ ಬೇಡ. ಇನ್ನೂ ಬರದಿದ್ರೆ ಬನ್ನಿ, ಸ್ಕ್ಯಾನ್ ಮಾಡಿ ನೋಡೋಣ."

"ಮನೇಲಿ ಪೂಜೆ ಅದೆ ಮೇಡಂ..."

"ದೇವರು ನಿಮ್ಮ ಡೇಟು ಕೇಳ್ತಾನೇನ್ರೀ?"

ಡಾಕ್ಟರಿಗೇನು, ಹೇಳಿಬಿಟ್ಟರು. ಊರಿಗೆ ಬಂದ ಮೇಲೆ ಡಬ್ಬಿಯ ಕಡೆ ಹೋದ ಕೈಯನ್ನು ಎಷ್ಟೋ ಸಲ ಹಿಂದಕ್ಕೆ ಎಳೆದುಕೊಂಡಳು. ಕೊನೆಗೂ ನುಂಗಲಿಲ್ಲ.

ಪಾದಪೂಜೆಯ ಬೆಳಿಗ್ಗೆ, ಸ್ವಾಮಿಗಳ ಕಾರು ಬಾಗಿಲಿಗೆ ಬಂದು ನಿಲ್ಲುವ ಹೊತ್ತಿಗೆ, ಇಷ್ಟು ದಿನ ಸತಾಯಿಸಿದ್ದು ಬಂದೇಬಿಟ್ಟಿತು. ರುದ್ರಾಣಿ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಬಿಕ್ಕಿದಳು. ಚೊಂಬು ಹಿಡಿದು ಅವಳನ್ನು ಹುಡುಕಿಕೊಂಡು ಬಂದ ಶಿವಮ್ಮಣ್ಣಿ ಗಾಬರಿಯಾದಳು.

"ಯಾಕವ್ವ? ಮಠದ ಬುದ್ದೇರು ಬಂದು ಕುಂತವ್ರೆ."

"ನಾನು ಒರಗಾಗಿವ್ನಿ ಅತ್ತೆ. ನೀರು ಬೇರೆ ಯಾರಾದ್ರೂ ಎರೀಲಿ."

"ಅಷ್ಟಕ್ಕಾ ಅಳ್ತಿರಾದು?" ಮುದುಕಿ ಸೊಸೆಯ ಕೊರಳಿನ ಶಿವದಾರ ಹಿಡಿದು ಜಗ್ಗಿದಳು. "ಇದು ಯಾತಕ್ಕೆ ಕಟ್ಕಂಡಿದ್ದೀಯ? ಲಿಂಗ ಇರೋ ಮೈಗೆ ಎಂಥಾ ಮೈಲಿಗೆನವ್ವ? ಈ ಮನೇಲಿ ನಾನು ಮೊದಲ್ನೇ ಸತಿ ನೀರೆರೆದಾಗ ನಂಗೂ ಆಗಿತ್ತು. ನಮ್ಮತ್ತೆಗೂ ಗೊತ್ತಿತ್ತು."

ರುದ್ರಾಣಿಯ ಅಳು ಗಕ್ಕನೆ ನಿಂತಿತು. "ಮತ್ತೆ ಇಷ್ಟು ವರ್ಸ ನಂಗ್ಯಾಕೆ ಯೇಳ್ನಿಲ್ಲ?"

"ನಿಂಗೆ ಯೇಳ್ಕೊಡ್ಬೇಕಾ? ಎಲ್ಲಾ ಪೂಜೆಗೂ ನೀನೇ ಮುಂದ್ಗಡೆ ನಿಂತಿದ್ದೆ. ಮುಟ್ಟು ಗಿಟ್ಟು ಅಂತ ಸೊಪ್ಪಾಕೋಳಲ್ಲ ನನ್ ಸೊಸೆ, ಗಟ್ಟಿಗಿತ್ತಿ ಅಂತ ಊರೆಲ್ಲ ಯೇಳ್ಕಂಡು ಬಂದಿವ್ನಿ!"

ರುದ್ರಾಣಿ ಸೆರಗಿನಿಂದ ಮುಖ ಒರೆಸಿಕೊಂಡು ಅತ್ತೆಯ ಕೈಯಿಂದ ಚೊಂಬು ತೆಗೆದುಕೊಂಡಳು. ಪಾದಗಳ ಮೇಲೆ ಚೊಂಬಿನ ನೀರನ್ನೆಲ್ಲ ಒಂದೇ ಸಲಕ್ಕೆ ಸುರಿದುಬಿಟ್ಟಳು. ಅದು ಸಿಟ್ಟಿಗೆ ಎಂದು ಅವಳಿಗೆ ಗೊತ್ತಿತ್ತು, ಯಾರ ಮೇಲಿನ ಸಿಟ್ಟು ಎಂಬುದು ಮಾತ್ರ ಗೊತ್ತಾಗಲಿಲ್ಲ.