ಪಂಚಾಯ್ತಿ ಗೋಡೆಗೆ ಬರೆದ ಕಾನೂನು

ಗೋಡೆ ಬರಹ ನನ್ನ ಕಸುಬು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡುಗಳು ಕೈತಪ್ಪಿದವು. ಉಳಿದದ್ದು ಶಾಲೆ, ಪಂಚಾಯ್ತಿಗಳ ಕಾಂಪೌಂಡು. ನೀರು ಉಳಿಸಿ, ಹೆಣ್ಣುಮಕ್ಕಳನ್ನು ಓದಿಸಿ ಎಂದು ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ತಾಲ್ಲೂಕಿಗೆ ಬುದ್ಧಿ ಹೇಳಿದ ಮಹಾನುಭಾವ ನಾನು. ಬರೆದದ್ದನ್ನು ಒಂದು ದಿನವೂ ಮನಸ್ಸಿಟ್ಟು ಓದಿದವನಲ್ಲ. ಅಕ್ಷರ ದುಂಡಗಿದ್ದರೆ ಸಾಕಿತ್ತು.

ಹೋದ ವರ್ಷ ಬಲಗೈ ನಡುಗಲು ಶುರುವಾಯಿತು. ಗೊತ್ತಾದರೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ. ಏಳನೇ ಕ್ಲಾಸಿನ ಮಗಳನ್ನು ಭಾನುವಾರಗಳಲ್ಲಿ ಜೊತೆಗೆ ಕರೆದೊಯ್ಯತೊಡಗಿದೆ. ನೀಲಿ ಹಚ್ಚಿದ ದಾರ ಬಿಗಿದು ಗೋಡೆಗೆ ಗೆರೆ ಹೊಡೆಯುವುದು ನಾನು, ಅಕ್ಷರ ಬರೆಯುವುದು ಅವಳು. ಕೇಳಿದವರಿಗೆ, ಕಲಿಸ್ತಿದ್ದೀನಿ ಅನ್ನುತ್ತಿದ್ದೆ.

ಕವಲೇದುರ್ಗದ ಕಡೆಯ ಒಂದು ಪಂಚಾಯ್ತಿಯಲ್ಲಿ ಬಾಲಕಾರ್ಮಿಕ ಕಾನೂನು ಬರೆಯುವ ಕೆಲಸ ಸಿಕ್ಕಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು. ಮನೆಯವರ ಕಸುಬಿಗೆ ನೆರವಾಗುವುದಾದರೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ. ಉದ್ದದ ಬರಹ, ಭಾನುವಾರಕ್ಕೆ ಮುಗಿಯಲಿಲ್ಲ. ಬುಧವಾರ ತಾಲ್ಲೂಕಿನ ಕಾರ್ಮಿಕ ಅಧಿಕಾರಿ ನೋಡಲು ಬರುವವರಿದ್ದರು. ಸೋಮವಾರ ಅವಳ ಶಾಲೆ ತಪ್ಪಿಸಿದೆ, ಮಂಗಳವಾರವೂ ತಪ್ಪಿಸಿದೆ. 'ಶಾಲೆ ಬಿಟ್ಟ ಮೇಲೆ' ಎಂಬ ಸಾಲನ್ನು ಅವಳು ಬರೆದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ನಾನು ಎಂದಿನಂತೆ ಅಕ್ಷರ ನೋಡಿದೆ, ಚೆನ್ನಾಗಿದೆ ಅಂದೆ.

ಅಧಿಕಾರಿ ಒಂದು ದಿನ ಮೊದಲೇ ಬಂದುಬಿಟ್ಟರು. ಬೈಕ್ ನಿಲ್ಲಿಸಿದವರೇ ಮಗಳನ್ನು ಕೇಳಿದರು. "ಇವತ್ತು ಶಾಲೆ ಇಲ್ವೇನಮ್ಮ?"

ಅವಳು ಬ್ರಷ್ ಬೆನ್ನ ಹಿಂದೆ ಹಿಡಿದಳು. "ಹೊಟ್ಟೆನೋವು ಅಂತ ಸುಳ್ಳು ಹೇಳಿ ರಜೆ ಹಾಕ್ದೆ ಸರ್. ಅಪ್ಪಯ್ಯ ಈಗ ಬೈತಾ ಇದ್ರು."

ಎಷ್ಟು ಸಲೀಸಾಗಿ ಹೇಳಿದಳು! ಸುಮ್ಮನಿದ್ದರೆ ನಾನು ಬಚಾವಾಗುತ್ತಿದ್ದೆ. ಒಂದು ಕ್ಷಣ ಸುಮ್ಮನಿದ್ದೆ ಕೂಡ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಇಲ್ಲ ಸರ್, ನಾನೇ ಎರಡು ದಿನದಿಂದ ಶಾಲೆ ತಪ್ಸಿದ್ದು. ನನ್ನ ಕೈ ನಡುಗತ್ತೆ, ಬರೆಯಕ್ಕಾಗಲ್ಲ" ಅಂದೆ.

ಅವರು ಗೋಡೆಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಕೂಗಾಡಲಿಲ್ಲ. "ಮೊದ್ಲು ಮಗೂನ ಶಾಲೆಗೆ ಬಿಟ್ಟು ಬನ್ನಿ. ಆಮೇಲೆ ಮಾತಾಡಣ" ಅಂದರು.

ಅವಳನ್ನು ನನ್ನ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟೆ. ಶಾಲೆಯ ಗೇಟಿನ ಹತ್ತಿರ ಇಳಿದವಳ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಶಾಲೆ ತಪ್ಪಿಸಿದ್ದಕ್ಕೆ ಸಿಟ್ಟು ಅಂದುಕೊಂಡೆ.

"ಕೈ ವಿಷ್ಯ ಯಾಕೆ ಹೇಳ್ದೆ ಅಪ್ಪಯ್ಯ? ಇನ್ನು ನಿಂಗೆ ಯಾರು ಕೆಲ್ಸ ಕೊಡ್ತಾರೆ? ಮನೆ ಹೆಂಗೆ ನಡೀತದೆ?"

ಹನ್ನೆರಡು ವರ್ಷದ ಮಗು. ಅದೆಲ್ಲ ನಾನು ನೋಡ್ಕೋತೀನಿ, ನೀನು ಒಳಗೆ ಹೋಗು ಅಂದೆ.

ಅವಳು ಹೋಗಲಿಲ್ಲ. ಹೇಗೆ ನೋಡಿಕೊಳ್ಳುತ್ತೀಯ ಎಂದು ಕೇಳುತ್ತ ಅಲ್ಲೇ ನಿಂತಳು.